ಪೀಠ ತೆರವಿದ್ದಾಗಲೂ ನಡೆದ ಹಾದಿ

ಬಲಿಪೂಜೆಯ ಮಧ್ಯಭಾಗದ ಮಹಾಪ್ರಾರ್ಥನೆಯಲ್ಲಿ ಗುರುಗಳು ಎರಡು ಹೆಸರು ಹೇಳುತ್ತಾರೆ. ಮೊದಲನೆಯದು ಜಗದ್ಗುರು ಪೋಪರದು, ಎರಡನೆಯದು ಆ ಸೀಮೆಯ ಧರ್ಮಾಧ್ಯಕ್ಷರದು. ಮಲೆನಾಡಿನ ಮೂಲೆಯ ಚಿಕ್ಕ ಪ್ರಾರ್ಥನಾಲಯದಲ್ಲಿ ಹತ್ತೇ ಜನ ಕೂತಿದ್ದರೂ ಈ ಕ್ರಮ ತಪ್ಪುವುದಿಲ್ಲ. ಧರ್ಮಾಧ್ಯಕ್ಷರು ತೀರಿಕೊಂಡರೆ, ನಿವೃತ್ತರಾದರೆ, ಬೇರೆಡೆಗೆ ನೇಮಕಗೊಂಡು ಹೊರಟರೆ, ಎರಡನೆಯ ಜಾಗದಲ್ಲಿ ಹೇಳಲು ತಮ್ಮದೇ ಧರ್ಮಾಧ್ಯಕ್ಷರ ಹೆಸರು ಇರುವುದಿಲ್ಲ. ಕೇಳಿಸಿಕೊಳ್ಳುವವರಿಗೆ ಅದು ತಟ್ಟನೆ ಗೊತ್ತಾಗುತ್ತದೆ.

ಶಿವಮೊಗ್ಗ ಧರ್ಮಪ್ರಾಂತ್ಯದ ವಿಶ್ವಾಸಿಗಳಿಗೆ ಈ ಅನುಭವ ಹೊಸದಲ್ಲ. 1988ರ ನವೆಂಬರ್ 14ರಂದು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಮೊದಲ ಧರ್ಮಾಧ್ಯಕ್ಷರಾಗಿ ಬಂದವರು ಇಗ್ನೇಷಿಯಸ್ ಪಿಂಟೋ. ಹತ್ತು ವರ್ಷ ತುಂಬುವ ಹೊತ್ತಿಗೆ, 1998ರಲ್ಲಿ, ಅವರನ್ನು ಬೆಂಗಳೂರಿನ ಮಹಾಧರ್ಮಾಧ್ಯಕ್ಷರನ್ನಾಗಿ ಕರೆಸಿಕೊಳ್ಳಲಾಯಿತು. 2000ದಲ್ಲಿ ಪೀಠವೇರಿದ ಜೆರಾಲ್ಡ್ ಐಸಾಕ್ ಲೋಬೋ 2012ರಲ್ಲಿ ಹೊಸದಾಗಿ ಹುಟ್ಟಿದ ಉಡುಪಿ ಧರ್ಮಪ್ರಾಂತ್ಯಕ್ಕೆ ಮೊದಲ ಧರ್ಮಾಧ್ಯಕ್ಷರಾಗಿ ಹೋದರು. 2014ರ ಮೇ 7ರಂದು ಅಭಿಷಿಕ್ತರಾದ ಯೇಸುಸಭೆಯ ಫ್ರಾನ್ಸಿಸ್ ಸೆರಾವೊ 2025ರಲ್ಲಿ ಮೈಸೂರಿಗೆ ನೇಮಕಗೊಂಡರು. ಮೂವರೂ ಈ ಪೀಠದಲ್ಲೇ ಕೊನೆಯವರೆಗೆ ಇರಲಿಲ್ಲ, ಮೂವರನ್ನೂ ಬೇರೆ ಊರು ಕೇಳಿ ಪಡೆಯಿತು. ಇಷ್ಟೇ ಅಲ್ಲ, ಶಿವಮೊಗ್ಗದ ತಾಯಿಮನೆಯಾದ ಚಿಕ್ಕಮಗಳೂರಿನ ಮೊದಲ ಧರ್ಮಾಧ್ಯಕ್ಷ ಅಲ್ಫೋನ್ಸಸ್ ಮಥಾಯಸ್ ಅವರೂ 1986ರಲ್ಲಿ ಬೆಂಗಳೂರಿಗೇ ಹೋದರು.

ಧರ್ಮಪ್ರಾಂತ್ಯದ ಇಪ್ಪತ್ತೈದನೆಯ ವರ್ಷ ತುಂಬಿದ್ದು 2013ರ ನವೆಂಬರ್‌ನಲ್ಲಿ. ಲೋಬೋ ಅವರು ಹೋಗಿ ವರ್ಷ ಕಳೆದಿತ್ತು, ಸೆರಾವೊ ಅವರು ಬರಲು ಇನ್ನೂ ಆರು ತಿಂಗಳಿತ್ತು. ಬೆಳ್ಳಿಹಬ್ಬದ ವರ್ಷದಲ್ಲೇ ಸ್ವಂತ ಕುರುಬನಿಲ್ಲದ ಹಿಂಡು ಎಂದು ಯಾರಾದರೂ ಮರುಗಬಹುದಾಗಿತ್ತು. ಆದರೆ ಈ ಸೀಮೆಯ ಕಥೋಲಿಕ ಸಮುದಾಯ ದಾರಿ ತಪ್ಪಲಿಲ್ಲ. ಯಾಕೆ ತಪ್ಪಲಿಲ್ಲ ಎಂಬುದನ್ನು ಬರೆದಿಡಬೇಕು. ಸಂಸ್ಥೆಗಳ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಯಾರು ಬಂದರು, ಯಾವ ಕಟ್ಟಡ ಎದ್ದಿತು ಎಂಬುದನ್ನು ದಾಖಲಿಸುತ್ತೇವೆ. ಅವರು ಹೋದ ಮೇಲೆ ಕೆಲಸ ಹೇಗೆ ನಡೆಯಿತು ಎಂಬ ಪುಟ ಖಾಲಿ ಉಳಿಯುತ್ತದೆ.

ಕಥೆ ಕೆಳದಿಯ ಕಾಲಕ್ಕೆ ಹೋಗುತ್ತದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೆನರಾ ಕರಾವಳಿಯ ಬಹುಭಾಗದ ಆಡಳಿತ ಘಟ್ಟದ ಮೇಲಿನ ಬಿದನೂರಿನಿಂದ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ, ನಡೆಯುತ್ತಿತ್ತು. ರಾಣಿ ಚೆನ್ನಮ್ಮ ಆಳುತ್ತಿದ್ದ ದಿನಗಳವು. ಆ ರಾಜ್ಯದ ಕ್ರೈಸ್ತರು ಒಂದು ಇಕ್ಕಟ್ಟಿನಲ್ಲಿದ್ದರು. ತಮ್ಮ ಧಾರ್ಮಿಕ ಮುಖಂಡರು ಯಾರು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಪೋರ್ಚುಗೀಸ್ ದೊರೆಯ ಹಕ್ಕಿನಡಿ ಗೋವೆಯ ಮಹಾಧರ್ಮಾಧ್ಯಕ್ಷರು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ಡಿ ಕ್ಯಾಸ್ಟ್ರೊ ಇನ್ನೊಂದು ಕಡೆ. ಒಬ್ಬರ ಸಂಸ್ಕಾರ ಇನ್ನೊಬ್ಬರಿಗೆ ಸಿಂಧುವಲ್ಲ ಎಂಬ ಮಟ್ಟಕ್ಕೆ ಜಗಳ ಹೋಗಿತ್ತು.

1681ರಲ್ಲಿ ಗೋವೆಯಿಂದ ಇಲ್ಲಿಗೆ ಬಂದವರು ಗುರು ಜೋಸೆಫ್ ವಾಜ್. ಅವರನ್ನು ಕಳಿಸಿದ್ದು ಗೋವೆಯ ಪಕ್ಷವನ್ನು ಎತ್ತಿಹಿಡಿಯಲು. ಬಂದ ಮೇಲೆ ಅವರು ಮಾಡಿದ್ದು ಬೇರೆ. ಡಿ ಕ್ಯಾಸ್ಟ್ರೊ ಅವರನ್ನು ಕಂಡು ಮಾತಾಡಿದರು, ವಿವಾದವನ್ನು ರೋಮಿನ ತೀರ್ಮಾನಕ್ಕೆ ಬಿಟ್ಟು ಅಲ್ಲಿಯವರೆಗೆ ಜನರ ಆತ್ಮದ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಹಾದಿ ಹಿಡಿದರು. 1684ರವರೆಗೆ ಕೆನರಾದಲ್ಲಿ ಓಡಾಡಿ, ಮುಂದೆ ಶ್ರೀಲಂಕೆಗೆ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ಪ್ರಾಣಬಿಟ್ಟರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ನಾಯಕನಾದವನು ತನ್ನ ಪಕ್ಷದ ಹಕ್ಕನ್ನು ಗೆದ್ದುಕೊಳ್ಳುವ ಮೊದಲು ಎದುರಿಗಿರುವ ಜನರ ಗತಿಯೇನು ಎಂದು ಕೇಳಿಕೊಂಡ ಉದಾಹರಣೆ ಈ ನೆಲದ ಚರಿತ್ರೆಯಲ್ಲಿ ಮೂರು ಶತಮಾನ ಹಿಂದೆಯೇ ಇದೆ.

ಮುಂದಿನ ಕಾಲದಲ್ಲಿ ಶಿವಮೊಗ್ಗದ ಕಡೆಯ ಕಥೋಲಿಕರು ಮೈಸೂರು ಮಿಷನ್ನಿನ ವ್ಯಾಪ್ತಿಗೆ ಬಂದರು. ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಫ್ರೆಂಚ್ ಗುರುಗಳು ನಡೆಸುತ್ತಿದ್ದ ಈ ಮಿಷನ್ 1850ರಲ್ಲಿ ಪ್ರತ್ಯೇಕ ಆಡಳಿತ ಘಟಕವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಅದರ ಪೀಠ ಇದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆಯಾಗಿ ಮೈಸೂರು ನಗರವೇ ಧರ್ಮಾಧ್ಯಕ್ಷರ ಊರಾಯಿತು. ಮೈಸೂರಿನಿಂದ ಶಿವಮೊಗ್ಗಕ್ಕೆ ಸುಮಾರು 250 ಕಿಲೋಮೀಟರು, ಸಾಗರ ಸೊರಬಗಳಿಗೆ ಇನ್ನೂ ಹೆಚ್ಚು. ದೃಢೀಕರಣ ಸಂಸ್ಕಾರ ಕೊಡುವವರು ಧರ್ಮಾಧ್ಯಕ್ಷರು. ಮಳೆಗಾಲದಲ್ಲಿ ಹೊಳೆಹಳ್ಳ ತುಂಬಿ ದಾರಿ ಕಡಿಯುತ್ತಿದ್ದ ಮಲೆನಾಡಿನಲ್ಲಿ ಅವರ ಭೇಟಿ ಎಷ್ಟು ಅಪರೂಪವಾಗಿತ್ತೆಂದು ಯಾರೂ ಹೇಳಬೇಕಿಲ್ಲ. ಊರಿನ ಧರ್ಮಕೇಂದ್ರವನ್ನು ನಡೆಸಿದವರು ಗುರುಗಳು, ಗುರುಗಳು ಇಲ್ಲದ ವಾರಗಳಲ್ಲಿ ಉಪದೇಶಿಗಳು. ಜಪಮಾಲೆ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸಾಯುವವರ ಬಳಿ ಕೂರುವುದು, ಗುರುಗಳಿಗೆ ಸುದ್ದಿ ಮುಟ್ಟಿಸುವುದು, ಎಲ್ಲವೂ ಉಪದೇಶಿಯ ಪಾಲಿಗೆ. ಇವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲದಿರುವುದು ನಮ್ಮ ಸ್ಮರಣ ಸಂಚಿಕೆಗಳ ದೊಡ್ಡ ಕೊರತೆ.

1963ರ ನವೆಂಬರ್ 16ರಂದು ಮೈಸೂರನ್ನು ಒಡೆದು ಚಿಕ್ಕಮಗಳೂರು ಧರ್ಮಪ್ರಾಂತ್ಯ ಮಾಡಲಾಯಿತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಜಿಲ್ಲೆಗಳು ಅದಕ್ಕೆ ಸೇರಿದವು. ಉಡುಪಿ ಸೀಮೆಯ ಪಾಂಗಾಳದಲ್ಲಿ ಹುಟ್ಟಿದ ಮಥಾಯಸ್ ಅವರಿಗೆ ಆಗ ಮೂವತ್ತೈದು ವರ್ಷ. 1964ರ ಫೆಬ್ರವರಿಯಲ್ಲಿ ಅಭಿಷೇಕವಾಯಿತು, ಅದರ ಬೆನ್ನಿಗೇ ಎರಡನೆಯ ವ್ಯಾಟಿಕನ್ ಮಹಾಸಭೆಯ ಕೊನೆಯ ಅಧಿವೇಶನಗಳಿಗೆ ರೋಮಿಗೆ ಹೋದರು. ಆ ಮಹಾಸಭೆಯಲ್ಲಿ ಕುಳಿತಿದ್ದ ಭಾರತೀಯ ಧರ್ಮಾಧ್ಯಕ್ಷರಲ್ಲಿ ಕೊನೆಯವರೆಗೆ ಬದುಕಿದ್ದವರು ಅವರೇ. 2024ರ ಜುಲೈನಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಹಾಸಭೆಯ ಒಂದು ನಿರ್ಧಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಧರ್ಮಸಭೆ ಎಂದರೇನು ಎಂಬುದನ್ನು ವಿವರಿಸುವ ದಸ್ತಾವೇಜಿನ ಕರಡಿನಲ್ಲಿ ಮೊದಲು ಅಧಿಕಾರಶ್ರೇಣಿಯ ಅಧ್ಯಾಯವಿತ್ತು, ಜನಸಾಮಾನ್ಯರ ಮಾತು ಆಮೇಲೆ. ಚರ್ಚೆಯಾಗಿ ಕೊನೆಗೆ ಕ್ರಮ ಬದಲಾಯಿತು. 1964ರ ನವೆಂಬರ್ 21ರಂದು ಹೊರಬಂದ ಪಾಠದಲ್ಲಿ ದೇವಜನರ ಬಗೆಗಿನ ಅಧ್ಯಾಯ ಎರಡನೆಯದು, ಧರ್ಮಾಧ್ಯಕ್ಷರು ಮತ್ತು ಗುರುಗಳ ಬಗೆಗಿನದು ಮೂರನೆಯದು. ಪುಟಗಳನ್ನು ಹಿಂದುಮುಂದು ಮಾಡಿದ್ದು ಸಣ್ಣ ಕೆಲಸದಂತೆ ಕಂಡರೂ ಅದರ ಪರಿಣಾಮ ಮಲೆನಾಡಿನ ಧರ್ಮಕೇಂದ್ರದವರೆಗೆ ಬಂದು ಮುಟ್ಟಿತು. ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜೆ ಜನರ ಮಾತಿಗೆ ಬಂತು. ಧರ್ಮಕೇಂದ್ರಗಳಲ್ಲಿ ಪಾಲನಾ ಸಮಿತಿಗಳು ಹುಟ್ಟಿದವು. ಬಲಿಪೀಠದ ಕಡೆಗೆ ಮುಖ ಮಾಡಿ, ಜನರಿಗೆ ಬೆನ್ನು ತೋರಿ ಪೂಜೆ ಮಾಡುತ್ತಿದ್ದ ಗುರುಗಳು ಜನರತ್ತ ತಿರುಗಿದರು.

ಜನರ ಮಾತು ಎಂದಾಗ ಯಾವ ಜನರ ಮಾತು ಎಂಬ ಪ್ರಶ್ನೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಬಲು ದೊಡ್ಡದು. ಇಲ್ಲಿನ ಕಥೋಲಿಕರಲ್ಲಿ ಅಡಿಕೆ, ಕಾಫಿ ಸೀಮೆಗಳಿಗೆ ಕರಾವಳಿಯಿಂದ ಹತ್ತಿ ಬಂದ ಕೊಂಕಣಿ ಮಾತಿನವರಿದ್ದಾರೆ, ಕಾರ್ಖಾನೆಗೂ ಕಾಮಗಾರಿಗೂ ಬಂದು ನೆಲೆಸಿದ ತಮಿಳು ಮಾತಿನವರಿದ್ದಾರೆ, ಕೇರಳದಿಂದ ಬಂದು ಕಾಡಂಚಿನಲ್ಲಿ ಬೇಸಾಯಕ್ಕೆ ನಿಂತ ಮಲಯಾಳಿಗಳಿದ್ದಾರೆ, ಕನ್ನಡವೇ ಮನೆಮಾತಾದವರಿದ್ದಾರೆ. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮನೆಯವರು ಮನೆಯಲ್ಲಿ ನಾಲ್ಕು ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ. ಎಲ್ಲರಿಗೂ ಸಮಾನವಾದದ್ದು ಕನ್ನಡ. ಮಕ್ಕಳು ಶಾಲೆಯಲ್ಲಿ ಕಲಿತದ್ದು, ಸಂತೆಯಲ್ಲಿ ಆಡುವುದು ಅದನ್ನೇ. ಬೆಂಗಳೂರಿನಲ್ಲಿ ಪೂಜೆಯ ಭಾಷೆಯ ವಿಷಯ ದಶಕಗಳ ಕಾಲ ಕಹಿಯಾಗಿ ಉರಿದದ್ದನ್ನು ನೋಡಿದವರಿಗೆ, ಮಲೆನಾಡಿನ ಧರ್ಮಕೇಂದ್ರಗಳು ಕನ್ನಡವನ್ನು ಒಟ್ಟಿನ ಭಾಷೆಯಾಗಿ ಬಳಸಿಕೊಂಡು, ಮನೆಮಾತುಗಳನ್ನು ಹಬ್ಬಕ್ಕೂ ಹಾಡಿಗೂ ಉಳಿಸಿಕೊಂಡದ್ದರ ಬೆಲೆ ಗೊತ್ತಾಗುತ್ತದೆ. ಇದು ಮೇಲಿನಿಂದ ಬಂದ ಒಂದೇ ಆಜ್ಞೆಯಿಂದ ಆಗುವಂಥದ್ದಲ್ಲ. ಯಾವ ಪೂಜೆ ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ, ಯಾರ ಗಾಯನ ಎಂಬುದನ್ನು ಆಯಾ ಊರಿನವರು ಕೂತು, ಕೆಲವೊಮ್ಮೆ ಬೇಸರ ಮಾಡಿಕೊಂಡು, ಮತ್ತೆ ಕೂತು ತೀರ್ಮಾನಿಸಬೇಕು.

ಭದ್ರಾವತಿಯ ಕಥೆ ಇದಕ್ಕೆ ಅಂಟಿಕೊಂಡೇ ಇದೆ. ಬೆಂಕಿಪುರವೆಂಬ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪನೆಯಾಯಿತು. ಎರಡು ಚಿಮಣಿಗಳ ಕೆಳಗೆ ನಾನಾ ಕಡೆಯ ಜನ ಸೇರಿ ಊರು ಬೆಳೆಯಿತು, ಅದರೊಂದಿಗೆ ಚರ್ಚುಗಳೂ ಬೆಳೆದವು. ಪಾಳಿ ಮುಗಿಸಿ ಬಂದವರಿಗೆ ಹೊಂದುವ ಹೊತ್ತಿಗೆ ಪೂಜೆ, ಕ್ವಾರ್ಟರ್ಸ್‌ಗಳಲ್ಲಿ ಸಂಜೆಯ ಪ್ರಾರ್ಥನೆ, ಹೀಗೆ ಇಲ್ಲಿನ ಧಾರ್ಮಿಕ ಬದುಕಿಗೆ ಕಾರ್ಖಾನೆಯ ಸೈರನ್ನೇ ಗಡಿಯಾರ.

1988ರಲ್ಲಿ ಚಿಕ್ಕಮಗಳೂರು ತಾನೂ ಚಿಕ್ಕದಾಗಲು ಒಪ್ಪಿತು. ಹೊಸ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಇಂದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಸೇರುತ್ತವೆ. ಒಂದು ಸಮುದಾಯ ಯಾವ ಕಡೆ ಹೋಗಬೇಕೆಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಸಿಕ್ಕ ಉತ್ತರ ಪ್ರತಿ ಸಲವೂ ಒಂದೇ: ಜನರಿಗೆ ಇನ್ನಷ್ಟು ಹತ್ತಿರಕ್ಕೆ. ಬೆಂಗಳೂರಿನಿಂದ ಮೈಸೂರಿಗೆ, ಮೈಸೂರಿನಿಂದ ಚಿಕ್ಕಮಗಳೂರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ ಪೀಠ ಹತ್ತಿರವಾಗುತ್ತ ಬಂತು. ವಿಸ್ತಾರ, ಆಸ್ತಿ, ಸಂಖ್ಯೆ ಎಲ್ಲವನ್ನೂ ಬಿಟ್ಟುಕೊಡಲು ದೊಡ್ಡ ಸಂಸ್ಥೆಗಳು ಸುಲಭಕ್ಕೆ ಮನಸ್ಸು ಮಾಡುವುದಿಲ್ಲ. ಇಲ್ಲಿ ಮಾಡಿದವು, ಅದೂ ಇಪ್ಪತ್ತೈದು ವರ್ಷದ ಅಂತರದಲ್ಲಿ ಎರಡು ಸಲ. ಈ ಲೇಖನದ ಮಟ್ಟಿಗೆ ಅದು ಯಾವ ಕಟ್ಟಡಕ್ಕಿಂತಲೂ ದೊಡ್ಡ ಸಾಧನೆ.

ಕಟ್ಟಡವೂ ಇದೆ, ಅದರ ಹೆಮ್ಮೆಯೂ ಸಲ್ಲಬೇಕಾದ್ದೇ. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯ, ಊರಿನವರ ಬಾಯಲ್ಲಿ ಸೇಕ್ರೆಡ್ ಹಾರ್ಟ್ ಚರ್ಚ್, ರೋಮನ್ ಮತ್ತು ಗೋಥಿಕ್ ಶೈಲಿಗಳನ್ನು ಬೆರೆಸಿ ಕಟ್ಟಿದ್ದು. ಕೋಟೆ ಕಡೆಯಿಂದ ಬಂದ ಪ್ರವಾಸಿಗರು ಶಿವಪ್ಪನಾಯಕನ ಅರಮನೆ ನೋಡಿಕೊಂಡು ಇಲ್ಲಿಗೂ ಬರುತ್ತಾರೆ. ಹರಿಹರದ ಆರೋಗ್ಯ ಮಾತೆಯ ದೇವಾಲಯ ಇದೇ ಧರ್ಮಪ್ರಾಂತ್ಯದ್ದು. 2019ರಲ್ಲಿ ಅದಕ್ಕೆ ಕಿರು ಬಸಿಲಿಕದ ಗೌರವ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಸೇರುವ ಜನರಲ್ಲಿ ಕ್ರೈಸ್ತರಲ್ಲದವರೂ ತುಂಬ ಮಂದಿ. ಹರಕೆ ಹೊತ್ತು ಬಂದವರನ್ನು ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ.

2007ರ ಆಗಸ್ಟ್ 21ರಂದು ಮತ್ತೊಂದು ಗೆರೆ ಎಳೆಯಲಾಯಿತು. ಸೀರೋ ಮಲಬಾರ್ ವಿಶ್ವಾಸಿಗಳಿಗಾಗಿ ಮಾನಂತವಾಡಿ ಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಭದ್ರಾವತಿ ಧರ್ಮಪ್ರಾಂತ್ಯವನ್ನು ಸ್ಥಾಪಿಸಲಾಯಿತು. ಅದೇ ವರ್ಷ ಅಕ್ಟೋಬರ್ 25ರಂದು ಜೋಸೆಫ್ ಅರುಮಚ್ಚಾಡತ್ ಅದರ ಮೊದಲ ಧರ್ಮಾಧ್ಯಕ್ಷರಾದರು. ಹೊರಗಿನವರಿಗೆ ಇದು ಗೊಂದಲ ತರುತ್ತದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಇಪ್ಪತ್ತು ಕಿಲೋಮೀಟರಿನಷ್ಟೇ ಅಂತರ, ಎರಡನ್ನೂ ಜೋಡಿಸುವುದು ಒಂದೇ ಬಿ.ಎಚ್. ರಸ್ತೆ. ಹಾಗಿದ್ದೂ ಎರಡೂ ಕಡೆ ಒಬ್ಬೊಬ್ಬ ಧರ್ಮಾಧ್ಯಕ್ಷರು, ಇಬ್ಬರೂ ಒಬ್ಬರೇ ಪೋಪರಿಗೆ ವಿಧೇಯರು. ಕಥೋಲಿಕ ಧರ್ಮಸಭೆಯೊಳಗೆ ಲ್ಯಾಟಿನ್ ಪರಂಪರೆಯ ಜೊತೆಗೆ ಪೂರ್ವದೇಶಗಳ ಪರಂಪರೆಯ ಸಭೆಗಳೂ ಇವೆ. ಭಾರತದಲ್ಲಿ ಸೀರೋ ಮಲಬಾರ್, ಸೀರೋ ಮಲಂಕರ ಎಂಬ ಎರಡು. ಪೂಜಾಕ್ರಮ, ಪಂಚಾಂಗ, ಕಾನೂನಿನ ಸಂಹಿತೆ ಬೇರೆ, ನಂಬಿಕೆ ಒಂದೇ.

ಒಂದೇ ಬೀದಿಯ ಇಬ್ಬರು ಕಥೋಲಿಕರು ಭಾನುವಾರ ಎರಡು ದಿಕ್ಕಿಗೆ ಹೋಗುವುದನ್ನು ಒಡಕು ಎಂದು ಕರೆಯಲು ಮನಸ್ಸು ತಡವರಿಸಬೇಕು. ಕೇರಳದಿಂದ ಬಂದ ರೈತನ ಅಜ್ಜಿಗೆ ತನ್ನ ಸಿರಿಯನ್ ಪರಂಪರೆಯ ಪ್ರಾರ್ಥನೆ ಕೊನೆಗಾಲದಲ್ಲಿ ಕಿವಿಗೆ ಬೀಳುವುದೂ ಹತ್ತಿರವಾಗುವುದರ ಒಂದು ರೀತಿಯೇ. ಆದರೆ ವೆಚ್ಚವಿಲ್ಲದೆ ಇದು ಆಗುವುದಿಲ್ಲ. ಮದುವೆಯ ಕಾಗದಪತ್ರ ಯಾವ ಧರ್ಮಕೇಂದ್ರದಿಂದ, ಮಕ್ಕಳ ಧರ್ಮೋಪದೇಶ ಎಲ್ಲಿ, ಸಮಾಧಿ ಎಲ್ಲಿ ಎಂಬ ಪ್ರಶ್ನೆಗಳು ಬರುತ್ತವೆ. 1681ರಲ್ಲಿ ಒಂದೇ ನೆಲದ ಮೇಲೆ ಎರಡು ಅಧಿಕಾರಗಳು ಜಗಳವಾಡಿದ್ದವು. ಈಗಿನ ಎರಡು ಅಧಿಕಾರಗಳಿಗೆ ಸ್ಪಷ್ಟ ಕಾನೂನಿದೆ, ಆದರೂ ವಾಜ್ ಅವರಲ್ಲಿದ್ದ ತಾಳ್ಮೆ ಇಬ್ಬರು ಗುರುಗಳ ನಡುವೆ, ಎರಡು ಪಾಲನಾ ಸಮಿತಿಗಳ ನಡುವೆ ದಿನವೂ ಬೇಕಾಗುತ್ತದೆ.

ಕಥೋಲಿಕರಾಚೆಗೂ ನೋಡುವುದು ಒಳ್ಳೆಯದು. ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಶಿವಮೊಗ್ಗದಲ್ಲಿ ಕೆಲಸ ಮಾಡಿದರು. ಆ ಪರಂಪರೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. ಅಲ್ಲಿ ಬಿಷಪ್ಪರ ಆಯ್ಕೆಗೆ ಪ್ರಾಂತ್ಯದ ಪರಿಷತ್ತಿನಲ್ಲಿ ಗುರುಗಳೊಂದಿಗೆ ಸಾಮಾನ್ಯ ಸಭಿಕರೂ ಮತ ಹಾಕಿ ಹೆಸರುಗಳ ಪಟ್ಟಿ ಮಾಡುತ್ತಾರೆ. ಕಥೋಲಿಕರಲ್ಲಿ ಹೀಗೆ ಮತದಾನವಿಲ್ಲ. ಪೋಪರ ಪ್ರತಿನಿಧಿ ಗುಟ್ಟಾಗಿ ಹಲವರನ್ನು ಕೇಳಿ ತಿಳಿದು ಹೆಸರುಗಳನ್ನು ರೋಮಿಗೆ ಕಳಿಸುತ್ತಾರೆ.

ಹಾಗಾದರೆ ಪೀಠ ತೆರವಾದಾಗ ಏನು ನಡೆಯುತ್ತದೆ? ಲ್ಯಾಟಿನ್ ಧರ್ಮಸಭೆಯ 1983ರ ಸಂಹಿತೆ ಇದನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಧರ್ಮಾಧ್ಯಕ್ಷರಿಗೆ ಸಲಹೆ ಕೊಡುವ ಗುರುಗಳ ಪರಿಷತ್ತು ಆ ಕ್ಷಣಕ್ಕೆ ಕೊನೆಗೊಳ್ಳುತ್ತದೆ. ಧರ್ಮಪ್ರಾಂತ್ಯದ ಪಾಲನಾ ಪರಿಷತ್ತೂ ಅಷ್ಟೇ. ಉಳಿಯುವುದು ಆರರಿಂದ ಹನ್ನೆರಡು ಗುರುಗಳ ಸಲಹಾ ಮಂಡಳಿ. ರೋಮ್ ತಾನೇ ಯಾರನ್ನೂ ನೇಮಿಸದಿದ್ದರೆ ಆ ಮಂಡಳಿ ಎಂಟು ದಿನದೊಳಗೆ ಒಬ್ಬ ಆಡಳಿತಾಧಿಕಾರಿಯನ್ನು ಆರಿಸಬೇಕು. ಆಮೇಲೆ ಮುಖ್ಯವಾದ ಒಂದು ಕಟ್ಟಳೆ ಇದೆ: ಪೀಠ ತೆರವಿರುವಾಗ ಹೊಸದೇನನ್ನೂ ಬದಲಿಸುವಂತಿಲ್ಲ. ದಿನದ ಕೆಲಸ ನಡೆಯಬೇಕು, ಬರುವವರ ಕೈ ಕಟ್ಟಿಹಾಕುವ ನಿರ್ಧಾರ ಮಾಡಬಾರದು.

ಯೇಸುಸಭೆಯ ಕರ್ನಾಟಕ ಪ್ರಾಂತ್ಯವನ್ನು ಮುನ್ನಡೆಸಿದ್ದ ಸೆರಾವೊ ಅವರು 2014ರಲ್ಲಿ ಬಂದಾಗ ಅವರೊಂದಿಗೆ ಬಂದದ್ದು ಇದಕ್ಕೆ ಹತ್ತಿರದ ಒಂದು ಪರಂಪರೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲ ಹದಿನಾರನೆಯ ಶತಮಾನದಲ್ಲಿ ಆಧ್ಯಾತ್ಮಿಕ ಸಾಧನೆಗಳೆಂಬ ಪುಟ್ಟ ಕೈಪಿಡಿ ಬರೆದರು. ದೇವರ ಚಿತ್ತ ಯಾವುದು, ತನ್ನ ಆಸೆ ಯಾವುದು ಎಂದು ಬೇರ್ಪಡಿಸಿ ನೋಡುವ ಬಗೆಯನ್ನು ಅದು ಕಲಿಸುತ್ತದೆ. ಮನಸ್ಸು ಕಂಗೆಟ್ಟು ಬತ್ತಿಹೋದ ವೇಳೆಯಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಅದರ ಕಟ್ಟಳೆಗಳಲ್ಲೊಂದು. ಒಬ್ಬ ಮನುಷ್ಯನ ಒಳಗಿನ ಬರಗಾಲಕ್ಕೆ ಹೇಳಿದ್ದೂ, ಒಂದು ಧರ್ಮಪ್ರಾಂತ್ಯದ ಖಾಲಿ ಪೀಠಕ್ಕೆ ಹೇಳಿದ್ದೂ ಒಂದೇ ಬುದ್ಧಿ. ಶಿವಮೊಗ್ಗ ತನ್ನ ತೆರವಿನ ಕಾಲಗಳನ್ನು ದಾಟಿದ್ದು ಈ ಬುದ್ಧಿಯಿಂದ. ಆತುರದ ದೊಡ್ಡ ಹೆಜ್ಜೆಯಿಡದೆ, ಬೆಳಗಿನ ಪೂಜೆ, ಶಾಲೆ, ಆಸ್ಪತ್ರೆಯ ರೋಗಿಗಳ ಭೇಟಿ, ಶನಿವಾರದ ಧರ್ಮೋಪದೇಶ, ಕಿರುಸಮುದಾಯಗಳ ಕೂಟ ಇವನ್ನೆಲ್ಲ ಬಿಡದೆ ನಡೆಸಿದ್ದರಿಂದ. ನಡೆಸಿದವರಲ್ಲಿ ಧರ್ಮಭಗಿನಿಯರ ಪಾಲು ದೊಡ್ಡದು. ಧರ್ಮಾಧ್ಯಕ್ಷರ ವರ್ಗಾವಣೆ ಅವರ ದಿನಚರಿಯ ಒಂದು ಗಂಟೆಯನ್ನೂ ಬದಲಿಸುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಇಡೀ ಲೋಕದ ಧರ್ಮಸಭೆಗೆ ಒಟ್ಟಾಗಿ ನಡೆಯುವ ಬಗ್ಗೆ ಸಿನೋದ್ ಕರೆದರು. ಅಕ್ಟೋಬರ್ 17ರಂದು ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಅದರ ಸ್ಥಳೀಯ ಹಂತ ಶುರುವಾಯಿತು. 2023 ಮತ್ತು 2024ರ ಅಕ್ಟೋಬರ್‌ಗಳಲ್ಲಿ ರೋಮಿನಲ್ಲಿ ಸಮಾವೇಶಗಳಾದವು. ಮಹಿಳೆಯರೂ ಸಾಮಾನ್ಯ ವಿಶ್ವಾಸಿಗಳೂ ಅಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಅಲ್ಲಿ ಬಳಸಿದ ಕ್ರಮ ಎಲ್ಲಿ ಬೇಕಾದರೂ ಬಳಸಬಹುದಾದದ್ದು. ಹತ್ತು ಹನ್ನೆರಡು ಜನ ಒಂದು ದುಂಡು ಮೇಜಿನ ಸುತ್ತ ಕೂರುತ್ತಾರೆ. ಮೊದಲು ಮೌನ. ಆಮೇಲೆ ಒಬ್ಬೊಬ್ಬರೂ ತಮ್ಮ ಮಾತು ಹೇಳುತ್ತಾರೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮತ್ತೆ ಮೌನ. ಎರಡನೆಯ ಸುತ್ತಿನಲ್ಲಿ ತಮ್ಮ ವಾದ ಹೇಳುವಂತಿಲ್ಲ, ಬೇರೆಯವರ ಮಾತಿನಲ್ಲಿ ತಮಗೆ ತಾಗಿದ್ದೇನು ಎಂಬುದನ್ನಷ್ಟೇ ಹೇಳಬೇಕು. ಮೂರನೆಯ ಸುತ್ತಿನಲ್ಲಿ ಒಟ್ಟಾಗಿ ಎಲ್ಲಿಗೆ ಬಂದೆವು ಎಂದು ನೋಡುತ್ತಾರೆ. ಜೋರು ದನಿಯವರೇ ಸಭೆ ಗೆಲ್ಲುವ ನಮ್ಮ ಊರಿನ ಸಮಿತಿಗಳಿಗೆ ಎರಡನೆಯ ಸುತ್ತು ಕಲಿಸುವುದು ಬಹಳ ಇದೆ.

ಈ ಕ್ರಮ ಭದ್ರಾವತಿಗೆ ಈಗ ತುರ್ತಾಗಿ ಬೇಕು. ಕಾಗದದ ಕಾರ್ಖಾನೆ ನಿಂತು ದಶಕವಾಗುತ್ತ ಬಂತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು, ಕಾರ್ಮಿಕರ ಹೋರಾಟದ ನಂತರ ಕೆಲಸ ಭಾಗಶಃ ಮತ್ತೆ ಶುರುವಾಯಿತು. ದುಡಿಮೆ ಹುಡುಕಿ ಮಕ್ಕಳು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಭಾನುವಾರದ ಬೆಂಚುಗಳಲ್ಲಿ ಹಿರಿಯರೇ ಹೆಚ್ಚು. ಒಂಟಿ ಮುದುಕರನ್ನು ನೋಡಿಕೊಳ್ಳುವವರು ಯಾರು, ಹಳೆಯ ಕ್ವಾರ್ಟರ್ಸ್‌ಗಳಲ್ಲಿ ಉಳಿದ ಕುಟುಂಬಗಳ ಜೊತೆ ನಿಲ್ಲುವುದು ಹೇಗೆ, ಲ್ಯಾಟಿನ್ ಮತ್ತು ಸೀರೋ ಮಲಬಾರ್ ಧರ್ಮಕೇಂದ್ರಗಳು ಈ ಕೆಲಸವನ್ನಾದರೂ ಒಟ್ಟಿಗೆ ಮಾಡಬಹುದೇ? ಇವಕ್ಕೆ ಉತ್ತರ ಯಾವ ಪೀಠದಿಂದಲೂ ಸಿದ್ಧವಾಗಿ ಬರುವುದಿಲ್ಲ.

ಇನ್ನೊಂದು ವ್ಯಾವಹಾರಿಕ ಮಾತು. ಸಂಹಿತೆಯ ಪ್ರಕಾರ ಧರ್ಮಾಧ್ಯಕ್ಷರು ಐದು ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಪ್ರಾಂತ್ಯವನ್ನು ಸುತ್ತಿ ನೋಡಬೇಕು. ಹೊಸಬರು ಬಂದಾಗ ಅವರ ಮುಂದೆ ಇಡುವ ಪುಸ್ತಕಗಳು ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆಗಳು. ಪಾಲನಾ ಸಮಿತಿಯ ನಡಾವಳಿ ಪುಸ್ತಕವನ್ನೂ ಅವುಗಳ ಜೊತೆಗಿಡಬೇಕು. ಕಾರ್ಯದರ್ಶಿ ಕನ್ನಡದಲ್ಲಿ ಕೈಬರಹದಲ್ಲಿ ಬರೆದ ಪುಟಗಳಲ್ಲಿ ಯಾವ ವಿಷಯಕ್ಕೆ ಊರು ಎಷ್ಟು ಸಲ ಸೇರಿತು, ಯಾರು ಒಪ್ಪಲಿಲ್ಲ, ಕೊನೆಗೆ ಹೇಗೆ ಒಪ್ಪಂದವಾಯಿತು ಎಂಬುದಿರುತ್ತದೆ. ಗುರುಗಳು ಬದಲಾದಾಗ, ಕಾರ್ಯದರ್ಶಿ ಊರು ಬಿಟ್ಟಾಗ ಈ ಪುಸ್ತಕಗಳು ಯಾರದೋ ಮನೆಯ ಕಪಾಟಿನಲ್ಲಿ ಉಳಿದುಹೋಗುವುದುಂಟು. ಅವನ್ನು ಈಗಲೇ ಒಟ್ಟುಗೂಡಿಸಿ, ಚಿತ್ರ ತೆಗೆದಿಟ್ಟು, ಪ್ರತಿ ಧರ್ಮಕೇಂದ್ರದ ಕಚೇರಿಯಲ್ಲಿ ಒಂದು ಪ್ರತಿ, ಧರ್ಮಾಧ್ಯಕ್ಷರ ನಿವಾಸದ ದಾಖಲಾತಿ ಕೋಣೆಯಲ್ಲಿ ಇನ್ನೊಂದು ಪ್ರತಿ ಇಡಬೇಕು. ಉಪದೇಶಿಗಳ ಹೆಸರುಗಳನ್ನು ನೆನಪಿರುವ ಹಿರಿಯರಿಂದ ಕೇಳಿ ಬರೆದುಕೊಳ್ಳುವುದೂ ಅದೇ ಕೆಲಸದ ಭಾಗ. ಆ ಹಿರಿಯರಲ್ಲಿ ಅನೇಕರಿಗೆ ಈಗ ಎಂಬತ್ತು ದಾಟಿದೆ.